ನಾಳೆಯ ಮಾತ್ರೆ

ಸೊಂಟ ಹಿಡಿದುಕೊಂಡಾಗ ವೈದ್ಯರು ಸ್ನಾಯು ಸಡಿಲಿಸುವ ಮಾತ್ರೆಯನ್ನು ಐದು ದಿನಕ್ಕೆ ಬರೆದುಕೊಟ್ಟಿದ್ದರು. ದಿನಕ್ಕೊಂದೇ, ಮಲಗುವ ಮುಂಚೆ. ನುಂಗಿದ ಮೇಲೆ ಗಾಡಿ ಓಡಿಸಬಾರದು. ನನ್ನ ನೆನಪನ್ನು ನಾನು ನಂಬುವುದಿಲ್ಲವಾದ್ದರಿಂದ ಸ್ಟ್ರಿಪ್ಪಿನ ಹಿಂದೆ ಪ್ರತಿ ಮಾತ್ರೆಗೂ ಅದನ್ನು ನುಂಗಬೇಕಾದ ವಾರದ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದೆ. ಬುಧವಾರ ಬೆಳಿಗ್ಗೆ ನೋಡಿದರೆ ಆ ದಿನದ ಮಾತ್ರೆ ಇತ್ತು, ಗುರುವಾರದ್ದು ಇರಲಿಲ್ಲ.

ಯಲಹಂಕದ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ನಾದಿನಿ ಇದ್ದಾಳೆ. ಕರಿಬೇವಾಗಲಿ, ಚಾರ್ಜರ್ ಆಗಲಿ, ಕೇಳಿ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ನಾನು ಇಳಿದು ಹೋದಾಗ ಅವಳು ಹುಣಸಮಾರನಹಳ್ಳಿಗೆ ಹೊರಟು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು.

“ನನ್ನ ಮಾತ್ರೆ ತಗೊಂಡ್ಯಾ?”

“ಕತ್ತು ಹಿಡ್ಕೊಂಡಿತ್ತು ಅತ್ತಿಗೆ. ಈಗಷ್ಟೇ ಒಂದು ನುಂಗ್ದೆ. ಒಂದಕ್ಕೆ ಏನಾಗುತ್ತೆ ಬಿಡಿ.”

“ಅದು ನಿದ್ದೆ ಬರ್ಸುತ್ತೆ ಕಣೇ. ಏರ್‌ಪೋರ್ಟ್ ರೋಡಲ್ಲಿ ತೂಕಡಿಸ್ಕೊಂಡು ಸ್ಕೂಟರ್ ಓಡಿಸ್ತೀಯಾ? ನಿನ್ನೆ ತಾನೇ ಹೇಳಿದ್ನಲ್ಲ.”

“ನೀವು ಹೇಳೇ ಇಲ್ಲ.”

ಹೇಳಿದ್ದೆನೆ? ಹೇಳಿದಂತೆಯೇ ನೆನಪು. ಗಂಡನಿಗೆ ಹೇಳಿ, ಅವಳಿಗೂ ಹೇಳಿದೆನೆಂದು ಅಂದುಕೊಂಡಿರಲೂಬಹುದು. ವಾದ ಬಿಟ್ಟು ಸ್ಕೂಟರಿನ ಕೀ ಕಿತ್ತುಕೊಂಡು ವೈದ್ಯರಿಗೆ ಫೋನ್ ಮಾಡಿದೆ. ಬೇರೇನಾದರೂ ನುಂಗಿದ್ದಾಳೆಯೇ ಎಂದು ಅವರು ಮೊದಲು ಕೇಳಿದರು. ಶೀತಕ್ಕೆಂದು ಇನ್ನೊಂದು ಮಾತ್ರೆಯನ್ನೂ ನುಂಗಿದ್ದಳು, ಮಹಾತಾಯಿ. ಅದೂ ಮಂಪರು ತರಿಸುವುದೇ. ಇವತ್ತು ಗಾಡಿ ಬೇಡ, ಒಬ್ಬಳನ್ನೇ ಬಿಡಬೇಡಿ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ ಎಂದರು.

ಸಂಜೆಯವರೆಗೂ ಅವಳ ಪಕ್ಕದಲ್ಲೇ ಕೂತು, ಆಗಾಗ ಭುಜ ತಟ್ಟಿ ಎಬ್ಬಿಸಿದೆ. ಪ್ರತಿ ಸಲವೂ ಕಣ್ಣು ತೆರೆದು ನನ್ನನ್ನು ದುರುಗುಟ್ಟಿ ನೋಡಿ, ಮತ್ತೆ ಗೋಡೆಯ ಕಡೆ ಮಗ್ಗುಲಾದಳು. ಅದು ಕೋಪವೋ ಮಂಪರೋ, ನನಗೆ ಇಂದಿಗೂ ಖಚಿತವಿಲ್ಲ.