ಒಳ್ಳೆ ಕಾಲಿನ ಸುಳ್ಳು ಹಿಡಿಯುವ ಬೆಲ್ಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ರೀಡಾಂಗಣದ ಹಿಂಬದಿಯ ಕಟ್ಟಡದ ಒಂದು ಕೋಣೆಯಲ್ಲಿ ಮಾತ್ರ ದೀಪ ಹತ್ತಿದೆ. ಒಳಗೆ ಹಲ್ಲಿನ ಡಾಕ್ಟರ ಬಳಿ ಇರುವಂಥ ದೊಡ್ಡ ಕುರ್ಚಿ, ಅದರ ಪಕ್ಕದಲ್ಲಿ ಚಲಿಸುವ ಒಂದು ಕಬ್ಬಿಣದ ತೋಳು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಆ ತೋಳಿಗೆ ತೂಕದ ಬಟ್ಟು ನೇತುಹಾಕಿ ಪರದೆಯ ಅಂಕಿ ನೋಡುತ್ತಾರೆ, ತೆಗೆಯುತ್ತಾರೆ, ಮತ್ತೆ ನೇತುಹಾಕುತ್ತಾರೆ. “ಮನುಷ್ಯರ ಮೇಲೆ ಅನುಮಾನ ಪಡೋಕೆ ಮುಂಚೆ ಮಿಷನ್ ಮೇಲೆ ಪಡಬೇಕು,” ಎನ್ನುತ್ತಾರೆ, ನನ್ನ ಕಡೆ ತಿರುಗದೆಯೇ.

ಇಲ್ಲಿಗೆ ಬರುವ ಆಟಗಾರರಿಗೆಲ್ಲ ಇವರು ‘ಬೆಲ್ಟಕ್ಕ’. ಪೆಟ್ಟು ತಿಂದ ಕಾಲು ಆಟಕ್ಕೆ ಮರಳಬಹುದೇ ಎಂದು ಪರೀಕ್ಷಿಸುವ, ಆ ಬಗ್ಗೆ ಸಂಶೋಧನೆಯನ್ನೂ ನಡೆಸುವ ಕೇಂದ್ರ ಇದು. ಆಟಗಾರರನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ, ಸೊಂಟಕ್ಕೆ, ತೊಡೆಗೆ ಬೆಲ್ಟು ಬಿಗಿದು, ಕಾಲಿನಿಂದ ಆ ತೋಳನ್ನು ಒದೆಸುವುದು ಇವರ ಕೆಲಸ. ಮೊದಲು ಒಳ್ಳೆ ಕಾಲು, ಆಮೇಲೆ ಆಪರೇಷನ್ ಆದ ಕಾಲು. ಎರಡರ ಬಲವೂ ಹೆಚ್ಚುಕಡಿಮೆ ಸಮ ಬಂದರೆ ಮೈದಾನ, ಇಲ್ಲದಿದ್ದರೆ ಮತ್ತೆ ವ್ಯಾಯಾಮ. ನನ್ನನ್ನೂ ಕೂರಿಸಿ ನೋಡಿದರು. ಸಮ ಬಂತು. “ಎರಡೂ ಒಂದೇ ಥರ ಸೋಮಾರಿ,” ಎಂದು ತೀರ್ಪು ಕೊಟ್ಟರು.

ಇವರು ಮೂಲತಃ ದರ್ಜಿ. ಹಿಂದೊಮ್ಮೆ ಕುರ್ಚಿಯ ಬೆಲ್ಟು ಹರಿದು, ಕಂಪನಿಯಿಂದ ಹೊಸದು ಬರುವುದು ತಡವಾದಾಗ ಯಾರೋ ಇವರ ಅಂಗಡಿಗೆ ತಂದುಕೊಟ್ಟರು. ಹೊಲಿದದ್ದನ್ನು ಸಿಕ್ಕಿಸಲು ಬಂದವರು, ಬೆಲ್ಟಿನ ಅಂಚು ಒಂದು ಹುಡುಗಿಯ ತೊಡೆಯನ್ನು ಕೆಂಪಗೆ ತರಚಿದ್ದು ನೋಡಿದರು. ಎಲ್ಲ ಬೆಲ್ಟಿಗೂ ಮೆತ್ತನೆಯ ಒಳಪದರ ಹೊಲಿದರು. ಹಾಗೇ ಇಲ್ಲಿ ಉಳಿದುಬಿಟ್ಟರು. ಕೆಲಸ ಇಂದಿಗೂ ಗುತ್ತಿಗೆಯದು. ಬಗ್ಗಿ ಬಗ್ಗಿ ಬೆಲ್ಟು ಕಟ್ಟಿ ಸೊಂಟ ಹಿಡಿದಿದೆ, ಆದರೆ ಆ ಸೊಂಟಕ್ಕೆ ಪರೀಕ್ಷೆ ಮಾಡಿಸಿಕೊಳ್ಳಲು ಬಿಡುವಿಲ್ಲ. ಬೆವರಿನಲ್ಲಿ ನೆಂದ ಬೆಲ್ಟುಗಳನ್ನು ಮನೆಗೆ ಒಯ್ದು ಒಗೆಯುತ್ತಾರೆ. ಬಸ್ ಚಾಲಕರಾದ ಯಜಮಾನರದು ಒಂದೇ ದೂರು: “ಹಗ್ಗದ ಮೇಲೆ ನನ್ನ ಶರಟಿಗೆ ಜಾಗ ಇಲ್ಲ ನೋಡಿ.”

ಈ ಕುರ್ಚಿಯಲ್ಲಿ ನಡೆಯುವ ಮೋಸ ವಿಚಿತ್ರವಾದದ್ದು. ಪೆಟ್ಟಾದ ಕಾಲನ್ನು ಬಲವಾಗಿ ತೋರಿಸಲು ಯಾರಿಗೂ ಆಗದು. ಹಾಗಾಗಿ ಕೆಲವರು ಒಳ್ಳೆ ಕಾಲನ್ನೇ ಬೇಕೆಂದು ಸಡಿಲ ಬಿಡುತ್ತಾರೆ. ಎರಡೂ ಸಮ ಬಂದಂತೆ ಕಾಣುತ್ತದೆ. ಹರ್ಡಲ್ಸ್ ಓಟಗಾರನೊಬ್ಬ ಹೀಗೆ ಎಲ್ಲರ ಕಣ್ಣಿಗೆ ಮಣ್ಣೆರಚಿ ಹೋದ, ವಾರ ತುಂಬುವುದರೊಳಗೆ ಅದೇ ಮೊಣಕಾಲು ಮತ್ತೆ ಮುರಿದುಕೊಂಡ. ಅವನು ಆಮೇಲೆ ಓಡಲೇ ಇಲ್ಲ. ಆಗಿನಿಂದ ಕೇಂದ್ರದ ಸಂಶೋಧಕಿ ಡಾಕ್ಟರಮ್ಮ ಪ್ರತಿ ಕಾಲನ್ನೂ ಹಲವು ಸಲ ಒದೆಸಿ, ಒಂದೊಂದು ಒದೆತಕ್ಕೂ ಪರದೆಯ ಮೇಲೆ ಮೂಡುವ ಗೆರೆಗಳನ್ನು ಹೋಲಿಸುವ ಕ್ರಮ ತಂದರು. ಬೆಲ್ಟಕ್ಕನಿಗೆ ಕಲಿಸಿದ್ದೂ ಅವರೇ. “ನಿಜವಾಗಿ ಒದ್ರೆ ಗೆರೆಗಳು ಒಂದರ ಮೇಲೊಂದು ಬಂದು ಕೂರುತ್ತೆ. ಸುಳ್ಳು ಒದೆತಕ್ಕೆ ಹಿಂದಿನ ಸಲ ಎಷ್ಟು ಒದ್ದೆ ಅನ್ನೋದು ನೆನಪಿರಲ್ಲ,” ಎಂದು ಬೆಲ್ಟಕ್ಕ ನನಗೆ ಬಿಡಿಸಿ ಹೇಳುತ್ತಾರೆ.

ಇಂದು ಮೊದಲು ಬಂದವಳು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಗೆಳತಿಯರು ಇಟ್ಟ ಹೆಸರು ‘ಗೋಡೆ’. ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ತಂಡ ನಾಳಿದ್ದು ದೊಡ್ಡ ಟೂರ್ನಿಗೆ ಹೊರಡುತ್ತದೆ, ಅವಳು ಹೋಗುವುದು ಇವತ್ತಿನ ಫಲಿತಾಂಶದ ಮೇಲೆ ನಿಂತಿದೆ. ಬಲಗಾಲಿನಲ್ಲಿ ಒದೆಯುತ್ತಾಳೆ, ಹಲ್ಲು ಕಚ್ಚುತ್ತಾಳೆ, ಮುಖ ಕಿವುಚುತ್ತಾಳೆ. ಪರದೆಯ ಮೇಲಿನ ಗೆರೆಗಳು ಮಾತ್ರ ದಿಕ್ಕಿಗೊಂದಾಗಿ ಬಿದ್ದಿವೆ. ಬೆಲ್ಟಕ್ಕ ಗದರುವುದಿಲ್ಲ. ಬೆಲ್ಟುಗಳನ್ನು ಸಡಿಲಿಸಿ, ನೀರು ಕೊಟ್ಟು, ಅವಳ ಕಾಲ ಬಳಿ ನೆಲದ ಮೇಲೆ ಕೂರುತ್ತಾರೆ.

“ಆ ಕಾಲು ಏನು ತಪ್ಪು ಮಾಡಿತ್ತಮ್ಮ, ಅದರ ಬಾಯಿ ಮುಚ್ಚಿಸ್ತಿದ್ದೀಯ?”

ಹುಡುಗಿ ನೀರಿನ ಲೋಟವನ್ನೇ ನೋಡುತ್ತಾಳೆ. “ಅಕ್ಕಾ, ಈ ಸಲ ಹೋಗ್ಲಿಲ್ಲ ಅಂದ್ರೆ ನನ್ನ ಜಾಗಕ್ಕೆ ಬೇರೆಯವಳು ಬರ್ತಾಳೆ. ಒಂದು ಸಲ ಬಂದವಳು ಮತ್ತೆ ಜಾಗ ಬಿಟ್ಟುಕೊಡ್ತಾಳಾ?”

“ಬಿಡಲ್ಲ. ಸುಳ್ಳು ಯಾಕೆ ಹೇಳ್ಲಿ. ಅವಳ ಕೈಯಿಂದ ಜಾಗ ಕಿತ್ಕೋಬೇಕು. ಕಿತ್ಕೊಳ್ಳೋಕಾದ್ರೂ ಮೊಣಕಾಲು ಬೇಕಲ್ವೇನಮ್ಮ?”

ಹೇಗಾದರೂ ಅವಳನ್ನು ಟೂರ್ನಿಗೆ ಕಳಿಸಿಬಿಡಲಿ ಎಂದು ಒಂದು ಗಳಿಗೆ ನಾನೂ ಬಯಸಿದ್ದು ನಿಜ. ಕೊನೆಗೆ ಹುಡುಗಿಯೇ ಬೆಲ್ಟನ್ನು ಎಳೆದುಕೊಳ್ಳುತ್ತಾಳೆ. ಈ ಸಲ ಒದ್ದಾಗ ಕುರ್ಚಿ ಅಲುಗುತ್ತದೆ. ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಆಮೇಲೆ ಒದ್ದ ಎಡಗಾಲಿನ ಗೆರೆ ಅವುಗಳಿಗಿಂತ ತುಂಬ ಕೆಳಗಿದೆ. ಡಾಕ್ಟರಮ್ಮ ಬಂದು ನೋಡಿ, “ಇನ್ನೊಂದು ತಿಂಗಳಾದರೂ ಬೇಕು,” ಎನ್ನುತ್ತಾರೆ. ಗೋಲ್‌ಕೀಪರ್ ಹೋಗಿ ಬರುತ್ತೇನೆಂದೂ ಹೇಳದೆ, ಬಾಗಿಲನ್ನು ದಢಾರನೆ ಎಳೆದುಕೊಂಡು ನಡೆಯುತ್ತಾಳೆ.

“ಹೋಗ್ಲಿ ಬಿಡಿ,” ಎನ್ನುತ್ತಾರೆ ಬೆಲ್ಟಕ್ಕ. “ಸಿಟ್ಟು ಮಾಡ್ಕೊಂಡು ದಡದಡ ಹೋಗೋಕೂ ಕಾಲು ನೆಟ್ಟಗಿರಬೇಕು.” ಮಾತು ತಮಾಷೆಯದು, ದನಿ ಹಾಗಿಲ್ಲ. ಒದ್ದೆ ಬೆಲ್ಟು ಬಿಚ್ಚಿ ಚೀಲಕ್ಕೆ ತುಂಬುವಾಗ ಎರಡು ಸಲ ಬಾಗಿಲ ಕಡೆ ನೋಡುತ್ತಾರೆ.

ಇಷ್ಟು ವರ್ಷದಲ್ಲಿ ಒಂದು ಪಂದ್ಯವನ್ನೂ ಅವರು ಮೈದಾನಕ್ಕೆ ಹೋಗಿ ನೋಡಿಲ್ಲವಂತೆ. ಇನ್ನಾದರೂ ನೋಡುವ ಆಸೆ ಇಲ್ಲವೇ ಎಂದು ಕೇಳುತ್ತಿರುವಾಗಲೇ ಬಾಗಿಲು ಅರ್ಧ ತೆರೆಯುತ್ತದೆ. ‘ಗೋಡೆ’ಯ ತಲೆ ಮಾತ್ರ ಒಳಗೆ, ಕಣ್ಣು ಕೆಂಪಾಗಿದೆ.

“ಅಕ್ಕಾ, ಮುಂದಿನ ತಿಂಗಳು ಯಾವತ್ತು ಬರ್ಲಿ?”

“ಮೊದಲನೇ ಸೋಮವಾರ ಬಾ. ಹೊಟ್ಟೆಗೆ ತಿಂದ್ಕೊಂಡು ಬಾ.”

ತಲೆ ಮಾಯವಾಗುತ್ತದೆ. ಬೆಲ್ಟಕ್ಕ ಚೀಲದ ಬಾಯಿ ಕಟ್ಟುತ್ತಾ ನನ್ನ ಪ್ರಶ್ನೆಗೆ ಬರುತ್ತಾರೆ.

“ಆಸೆ ಇದೆ. ಇವಳು ಚೆಂಡಿಗೆ ಹಾರೋದನ್ನ ಒಂದು ಸಲ ನೋಡಬೇಕು. ಎಲ್ಲರೂ ಚೆಂಡು ನೋಡ್ತಾರೆ. ನಾನು ಅವಳು ಕೆಳಗಿಳಿಯೋದು ನೋಡ್ತೀನಿ. ಎರಡೂ ಕಾಲ ಮೇಲೆ ಇಳಿದ್ಲಾ, ಸಾಕು. ಗೋಲು ಹೋದ್ರೆ ಹೋಗ್ಲಿ.”