ಮೂರು ದಿನದ ಪಥ್ಯ, ಮೂರು ತಿಂಗಳ ದಿಲ್‌ಪಸಂದ್

ಕಳೆದ ವಾರ ಬಾಗಲಗುಂಟೆಯ ಕ್ಲಿನಿಕ್ಕೊಂದರಲ್ಲಿ ಹೆಂಡತಿಯ ಎದುರೇ ಸಿಕ್ಕಿಬಿದ್ದೆ. ಹಿಡಿದುಕೊಟ್ಟಿದ್ದು ಒಂದು ಮೆಷಿನ್. ಗಾತ್ರದಲ್ಲಿ ಬೇಕರಿಯ ಬಿಲ್ಲಿಂಗ್ ಯಂತ್ರದಷ್ಟೇ. ನೆನಪಿನ ಶಕ್ತಿ ಮಾತ್ರ ಅತ್ತೆಯಂದಿರದು.

ನಿಮಗೆ ಗೊತ್ತೇ ಇದೆ, ಶುಗರ್ ಟೆಸ್ಟ್ ಎಂದರೆ ನಮ್ಮವರಿಗೆ ಪರೀಕ್ಷೆ. ಪರೀಕ್ಷೆ ಎಂದ ಮೇಲೆ ಹಿಂದಿನ ಮೂರು ದಿನ ಓದಬೇಡವೇ? ನಾನೂ ಓದುತ್ತಿದ್ದೆ. ಬೆಳಗ್ಗೆ ಮೆಂತ್ಯದ ನೀರು, ಮಧ್ಯಾಹ್ನ ಮುದ್ದೆ, ರಾತ್ರಿ ಹಾಗಲಕಾಯಿ ಪಲ್ಯ. ಪೀಣ್ಯದ ಫ್ಯಾಕ್ಟರಿಯಿಂದ ಮನೆವರೆಗೆ ಲಾರಿಗಳ ಧೂಳು ಕುಡಿಯುತ್ತ ವಾಕಿಂಗ್. ನಾಲ್ಕನೆಯ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ಫಸ್ಟ್ ಕ್ಲಾಸ್ ಗ್ಯಾರಂಟಿ. ಕೊಟ್ಟು ಹೊರಬಂದವನೇ ಬೇಕರಿಯಲ್ಲಿ ಸಕ್ಕರೆ, ಕೊಬ್ಬರಿ ತುಂಬಿದ ಒಂದು ದಿಲ್‌ಪಸಂದ್ ತಿನ್ನುವುದು ನನ್ನ ಸಂಪ್ರದಾಯ. (ಪರೀಕ್ಷೆ ಮುಗಿದ ದಿನ ಸಿನಿಮಾಕ್ಕೆ ಹೋಗುತ್ತಿರಲಿಲ್ಲವೇ, ಹಾಗೆ.)

ರಕ್ತ ರಾಜಾಜಿನಗರದ ಲ್ಯಾಬ್‌ಗೆ ಹೋಗಿ ರಿಪೋರ್ಟ್ ಬರಲು ಮರುದಿನ ಸಂಜೆಯಾಗುತ್ತಿತ್ತು. ತರುವವನು ನಾನೇ. ಅಕಸ್ಮಾತ್ ಎಡವಟ್ಟಾಗಿದ್ದರೂ ಮನೆಯಲ್ಲಿ "ಬಾರ್ಡರ್‌ನಲ್ಲಿದೆಯಂತೆ" ಎಂದರೆ ಮುಗಿಯಿತು. ನಮ್ಮ ಏರಿಯಾದಲ್ಲಿ ಯಾರಿಗಾದರೂ ಶುಗರ್ ಇದೆಯೇ, ಕೇಳಿ ನೋಡಿ. ಎಲ್ಲರೂ ಬಾರ್ಡರ್‌ನಲ್ಲೇ ಇದ್ದಾರೆ.

ಈ ಸಲ ಇನ್ನೊಂದು ಆಸೆಯಿತ್ತು. ಭಾನುವಾರ ನಾದಿನಿಯ ಮಗಳ ಮದುವೆ. ರಿಪೋರ್ಟ್ ಚೆನ್ನಾಗಿ ಬಂದರೆ ಎರಡು ಹೋಳಿಗೆಗೆ ಪರ್ಮಿಷನ್ ಕೊಡುವುದಾಗಿ ನನ್ನ ಹೆಂಡತಿ ನಿರ್ಮಲ ಒಪ್ಪಿದ್ದಳು. ಷರತ್ತು ಒಂದೇ, ಕ್ಲಿನಿಕ್ಕಿಗೆ ಅವಳೂ ಬರುತ್ತಾಳೆ. ಬರಲಿ, ಮೂರು ದಿನ ಓದಿದವನಿಗೆ ಭಯವೇನು?

ಡಾಕ್ಟರ್ ಮೇಡಂ ನನ್ನ ಬೆರಳಿಗೆ ಚುಚ್ಚಿ, ಒಂದೇ ಹನಿ ರಕ್ತ ತೆಗೆದು, ಟೇಬಲ್ ಮೇಲಿದ್ದ ಹೊಸ ಮೆಷಿನ್ನಿಗೆ ಕೊಟ್ಟರು. ಲ್ಯಾಬಿಗೆ ಕಳಿಸುವುದಿಲ್ಲವೇ ಎಂದೆ. ಇನ್ನು ಮೇಲೆ ಇಲ್ಲ, ಐದು ನಿಮಿಷ ಕೂತಿರಿ, ಇಲ್ಲೇ ರಿಸಲ್ಟ್ ಎಂದರು. ಐದೇ ನಿಮಿಷವೇ? ಬೇಕರಿಗೆ ಹೋಗಿಬರುವುದು ಯಾವಾಗ?

"ಮೂರು ದಿನದಿಂದ ಕಟ್ಟುನಿಟ್ಟು ಪಥ್ಯ ಮೇಡಂ" ಎಂದು ಪೀಠಿಕೆ ಹಾಕಿದೆ.

"ಅದು ಲೆಕ್ಕಕ್ಕಿಲ್ಲ ಸಾರ್. ಇದು ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ ಹೇಳತ್ತೆ."

ಮೂರು ತಿಂಗಳೆಂದರೆ ದಿನಾ ಸಂಜೆ ಶಿಫ್ಟ್ ಬಿಟ್ಟ ಮೇಲೆ ಬೇಕರಿ ಮುಂದೆ ನಿಂತಿದ್ದೆಲ್ಲ ಸೇರಿತಲ್ಲ? ಹೇಳದೆ ಕೇಳದೆ ಸಿಲೆಬಸ್ ಬದಲಾಯಿಸಿದರೆ ಓದಿದವನ ಗತಿಯೇನು? ಅಷ್ಟರಲ್ಲಿ ಮೆಷಿನ್ ಕುಂಯ್ ಎಂದಿತು. ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ನಿರ್ಮಲಳನ್ನು ನೋಡಿದರು. ನಾನು ಬಾರ್ಡರ್ ದಾಟಿ ಬಹಳ ದೂರ ಹೋಗಿದ್ದೇನಂತೆ.

ನಿರ್ಮಲ ಅಲ್ಲೇ ಶುರು ಮಾಡಿದಳು. ಮನೆಯಲ್ಲಿ ಸಕ್ಕರೆ ಡಬ್ಬಿಯನ್ನೂ ಬಚ್ಚಿಟ್ಟಿದ್ದಾಳೆ, ಹಬ್ಬದ ಕಜ್ಜಾಯವಾಗಲಿ ತನ್ನ ತಮ್ಮ ತಂದ ಮೈಸೂರು ಪಾಕಾಗಲಿ ನನ್ನ ಕಣ್ಣಿಗೆ ಬೀಳಲು ಬಿಟ್ಟಿಲ್ಲ, ಆದರೂ ಈ ಮನುಷ್ಯ ಹೀಗೆ. ಎಲ್ಲ ಕೇಳಿಸಿಕೊಂಡ ಮೇಡಂ ಒಂದು ಪ್ರಶ್ನೆ ಹಾಕಿದರು.

"ಮತ್ತೆ ಆ ಕಜ್ಜಾಯ, ಮೈಸೂರು ಪಾಕ್ ಎಲ್ಲ ಏನಾಯ್ತು?"

"ಬಿಸಾಕೋಕಾಗತ್ತಾ ಡಾಕ್ಟ್ರೇ? ಇವ್ರ ಕೈಗೆ ಸಿಗ್ಬಾರ್ದು ಅಂತ ನಾನೇ ಖಾಲಿ ಮಾಡ್ಬಿಡ್ತಿದ್ದೆ."

ಇವಳ ಟೆಸ್ಟ್ ಆಗಿದ್ದು ಯಾವಾಗ ಎಂದು ಮೇಡಂ ಕೇಳಿದರು. ಇವಳು ನಕ್ಕಳು. ಬೆಳಗ್ಗೆ ಎಲ್ಲರ ಡಬ್ಬಿ ಕಟ್ಟುವವಳಿಗೆ ಖಾಲಿ ಹೊಟ್ಟೆಯಲ್ಲಿ ಬಂದು ಕ್ಯೂನಲ್ಲಿ ಕೂರಲು ಆಗುತ್ತದೆಯೇ? ಕೆಲಸ ಮಾಡುವ ಗಾರ್ಮೆಂಟ್ಸ್‌ನಲ್ಲಿ ರಕ್ತ ಕೊಡಲು ಒಂದು ರಜೆ, ರಿಪೋರ್ಟ್ ತೋರಿಸಲು ಇನ್ನೊಂದು ರಜೆ ಯಾರು ಕೊಡುತ್ತಾರೆ? ಈ ಟೆಸ್ಟಿಗೆ ಖಾಲಿ ಹೊಟ್ಟೆಯೂ ಬೇಡ, ರಜೆಯೂ ಬೇಡ, ಹೇಗೂ ಬಂದಿದ್ದೀರಿ, ಬೆರಳು ಕೊಡಿ ಎಂದರು ಮೇಡಂ. ನೆಪಗಳೆಲ್ಲ ಮುಗಿದು ಇವಳು ಬೆರಳು ಚಾಚಿದಳು.

ನಿಜ ಹೇಳಿಬಿಡುತ್ತೇನೆ. ಮೊದಲೆರಡು ನಿಮಿಷ ಇವಳೂ ಫೇಲಾಗಲಿ ಎಂದು ಹಾರೈಸಿದೆ. ಆಮೇಲೆ ನೆನಪಾಯಿತು, ಇತ್ತೀಚೆಗೆ ಇವಳು ಬಸ್ಸಿಳಿದು ಬಂದವಳೇ ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ. ಅಂಗಾಲು ಉರಿಯುತ್ತದೆ ಎಂದು ತಣ್ಣನೆಯ ನೆಲಕ್ಕೆ ಒತ್ತಿಕೊಂಡು ಕೂರುತ್ತಾಳೆ. ದಿನವಿಡೀ ನಿಂತು ಕೆಲಸ ಮಾಡುವವಳಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಿದ್ದೆವು. ನನಗೆ ಹೆದರಿಕೆಯಾಯಿತು. ಹಾರೈಕೆಯನ್ನು ವಾಪಸ್ ತೆಗೆದುಕೊಂಡೆ, ಮನೆದೇವರಿಗೆ ಒಂದು ಹರಕೆಯನ್ನೂ ಹೊತ್ತೆ. (ಸಕ್ಕರೆ ಹಂಚುತ್ತೇನೆ ಎಂದು ಹೊರಟವನು ಕೊನೇ ಗಳಿಗೆಯಲ್ಲಿ ಅದನ್ನು ತೆಂಗಿನಕಾಯಿ ಮಾಡಿದೆ.)

ಕುಂಯ್ ಎಂದಿತು. ಇವಳದು ನನಗಿಂತ ಜಾಸ್ತಿ.

ಭಾನುವಾರ ಮದುವೆಯಲ್ಲಿ ಅಕ್ಕಪಕ್ಕದ ಎಲೆಗಳಲ್ಲಿ ಕೂತಿದ್ದೆವು. ಹೋಳಿಗೆ ಬಂದಾಗ ಇಬ್ಬರೂ ಕೈ ಅಡ್ಡ ಹಿಡಿದೆವು, ಅವಳು ನನ್ನ ಎಲೆಗೆ, ನಾನು ಅವಳ ಎಲೆಗೆ. ನಾದಿನಿ ಇದನ್ನು ಪ್ರೇಮ ಎಂದು ತಪ್ಪು ತಿಳಿದಳು.

ಮೆಷಿನ್ ಮೇಲೆ ನನಗೀಗ ಸಿಟ್ಟಿಲ್ಲ. ಅದು ರಾಜಾಜಿನಗರ ಬಿಟ್ಟು ನಮ್ಮ ಬೀದಿಗೆ ಬರದೇ ಹೋಗಿದ್ದರೆ, ನಾನು ಈಗಲೂ ಬಾರ್ಡರ್‌ನಲ್ಲೇ ಇರುತ್ತಿದ್ದೆ. ನಿರ್ಮಲ ಎಲ್ಲಿರುತ್ತಿದ್ದಳೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಎಲ್ಲರ ಶುಗರ್ ಎಷ್ಟೆಂದು ಬಾಯಿಪಾಠ ಹೇಳುವವರೊಬ್ಬರು ಇದ್ದೇ ಇರುತ್ತಾರೆ, ಅವರದು ಎಷ್ಟು?