ಹತ್ತು ಪದಗಳ ಹಾಳೆ

ಆ ದಿನ ಬೆಳಿಗ್ಗೆ ಅವರಿಗೆ ನೆನಪಾದದ್ದು ನಾಲ್ಕೇ ಪದ. ದೀಪ, ಹಗ್ಗ, ಕೊಡೆ, ಬೀಗ. ಉಳಿದ ಆರಕ್ಕಾಗಿ ಚಾವಣಿ ನೋಡಿದರು, ಕಿಟಕಿ ನೋಡಿದರು, ಕೊನೆಗೆ ಹೆಂಡತಿಯ ಮುಖ ನೋಡಿದರು.

"ಇನ್ನೊಂದಿತ್ತು ಕಣೇ. ನಾಲಿಗೆ ತುದೀಲಿದೆ."

"ಆತುರ ಏನು? ಬರುತ್ತೆ," ಎಂದಳು ಅವಳು. ಎಂದವಳು ತಾನು ಕೂತಿದ್ದ ಕುರ್ಚಿಯ ಕೈಯನ್ನು ಬೆರಳಿಂದ ಎರಡು ಸಲ ತಟ್ಟಿದಳು.

"ಕುರ್ಚಿ," ಎಂದರು.

ಕುರ್ಚಿಗೆ ಗುರುತು ಹಾಕಿದಳು. ಆಮೇಲೆ ಅವರು ಹೇಳದಿದ್ದರೂ ನದಿಗೆ, ಕಂಬಳಿಗೆ, ಗಂಟೆಗೆ ಹಾಕಿದಳು.

"ಎಷ್ಟು ಬಂತು?"

"ಎಂಟು."

"ಪರವಾಗಿಲ್ಲ. ಮೇಡಂ ಮುಂದೆ ಮಾನ ಹೋಗಲ್ಲ."

ಅವಳು ಹಾಳೆಯನ್ನು ಕಡತದಲ್ಲಿಟ್ಟು ಚಹಾ ಮಾಡಲು ಎದ್ದಳು. ಅವರು ಮಡಿಸಿದ ಬಟ್ಟೆಗಳನ್ನು ಕಪಾಟಿಗೆ ಇಡುತ್ತ, ಟವಲು ಅಂಗಿಗಳ ಸಾಲಿಗೆ ಹೋಗಿದ್ದನ್ನು ಕಂಡು ತಮ್ಮನ್ನೇ ಬೈದುಕೊಂಡು ನಕ್ಕರು. ಅವಳೂ ನಕ್ಕಳು. ಅಂಥ ಮಾಮೂಲಿ ದಿನ ಮತ್ತೆ ಬರಲಿಲ್ಲ.

ಅವರು ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಮನುಷ್ಯ ಹೇಗೆ ಕಲಿಯುತ್ತಾನೆ, ಹೇಗೆ ಮರೆಯುತ್ತಾನೆ ಎಂದು ನೋಡುವ ಲ್ಯಾಬು ಅದು. ಪ್ರಯೋಗಕ್ಕೆ ಬಂದವರನ್ನು ಸಣ್ಣ ಕೋಣೆಯಲ್ಲಿ ಕೂರಿಸುವುದು, ನೀರು ಕೊಡುವುದು, ಬಾಗಿಲು ಹಾಕುವುದು ಅವರ ಕೆಲಸ. ಇಲಿಗಳ ಕೋಣೆಯ ಬೀಗದ ಕೈ ಅವರ ಹತ್ತಿರವೇ ಇತ್ತು. ಇಲಿಗಳನ್ನು ಓಡಿಸಲು ಮರದ ಒಂದು ದೊಡ್ಡ ಪೆಟ್ಟಿಗೆ, ಅದರೊಳಗೆ ತಿರುವುಮುರುವು ದಾರಿಗಳು, ಕೊನೆಯಲ್ಲಿ ತಿನ್ನಲು ಒಂದು ಚೂರು. ಒಂದು ಇಲಿ ಓಡಿದ ಮೇಲೆ ಪೆಟ್ಟಿಗೆಯನ್ನು ಪೂರ್ತಿ ಒರೆಸಬೇಕು. ಒರೆಸದಿದ್ದರೆ ಮುಂದಿನ ಇಲಿ ಹಿಂದಿನದರ ವಾಸನೆ ಹಿಡಿದು ಹೋಗುತ್ತದೆ.

"ಅದು ಕಲಿತದ್ದಲ್ಲ, ಕದ್ದದ್ದು," ಎನ್ನುತ್ತಿದ್ದರು ಊಟಕ್ಕೆ ಕೂತಾಗ.

"ಊಟದ ಹೊತ್ತಿಗೂ ಇಲೀನೇ?"

"ಇಲಿ ನಿನಗಿಂತ ವಾಸಿ. ನಿನ್ನ ತವರಿಗೆ ಹೋಗೋ ದಾರಿ ಇವತ್ತಿಗೂ ನಾನೇ ಹೇಳಬೇಕು."

"ದಾರಿ ಗೊತ್ತಿದ್ದಿದ್ರೆ ಯಾವತ್ತೋ ಹೊರಟು ಹೋಗ್ತಿದ್ದೆ," ಎನ್ನುತ್ತಿದ್ದಳು ಅವಳು.

ಒಮ್ಮೆ ಅವರೇ ಪೆಟ್ಟಿಗೆ ಒರೆಸುವುದನ್ನು ಮರೆತಿದ್ದರು. ಒಂದೇ ಸಲ. ಯಾರೂ ನೋಡಿರಲಿಲ್ಲ. ಸಂಜೆ ಹೋಗಿ ತಾವಾಗಿಯೇ ಪ್ರೊಫೆಸರಿಗೆ ಹೇಳಿದರು. ಒಂದು ತಿಂಗಳ ಕೆಲಸ ಮಣ್ಣುಪಾಲಾಯಿತು. ಬೈಸಿಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿ ಮಲಗಿದರು. ಅವಳಿಗೆ ಆಗ ಅದು ಹುಚ್ಚಾಟ ಅನ್ನಿಸಿತ್ತು.

ಕೆಲಸದಿಂದ ನಿವೃತ್ತಿಯಾಗಿ ಆರು ವರ್ಷದ ಮೇಲೆ ಲ್ಯಾಬಿನಿಂದ ಒಬ್ಬಳು ಹುಡುಗಿ ಬಂದಳು. ಕೊರಳಲ್ಲಿ ಯಾವಾಗಲೂ ಸ್ಟಾಪ್‌ವಾಚು ನೇತಾಡುತ್ತಿದ್ದುದರಿಂದ ಅವರು ಅವಳನ್ನು ಗಡಿಯಾರದ ಮೇಡಂ ಎಂದು ಕರೆದರು. ವಯಸ್ಸಾದವರ ನೆನಪಿನ ಬಗ್ಗೆ ಅವಳು ಸಂಶೋಧನೆ ಮಾಡುತ್ತಿದ್ದಳು. ಅವಳು ಕೇಳುವ ಮೊದಲೇ ಅವರು ಒಪ್ಪಿದರು. ಬೆಳಿಗ್ಗೆ ಹತ್ತು ಪದ ಓದಿ ಹೇಳುವ, ಗುರುತು ಹಾಕುವ ಕೆಲಸ ಹೆಂಡತಿಗೆ ಬಂತು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಅಷ್ಟು ಸಾಕು ಎಂದಳು ಹುಡುಗಿ.

"ಓದಿ ಇಪ್ಪತ್ತು ನಿಮಿಷ ಬಿಟ್ಟು ಕೇಳಿ ಅಮ್ಮ. ಅಷ್ಟು ಹೊತ್ತು ಸುಮ್ನೆ ಕೂರಿಸ್ಬೇಡಿ, ಮನಸ್ಸಲ್ಲೇ ಜಪ ಮಾಡ್ಕೊಂಡು ಕೂತ್ಬಿಡ್ತಾರೆ. ಏನಾದ್ರೂ ಕೆಲಸ ಕೊಡಿ. ಸುಳಿವು ಕೊಡ್ಬೇಡಿ. ಸತತ ಮೂರು ದಿನ ಐದಕ್ಕಿಂತ ಕಮ್ಮಿ ಬಂದ್ರೆ ಅವತ್ತೇ ಫೋನ್ ಮಾಡಿ. ಡಾಕ್ಟರಿಗೆ ತೋರಿಸೋಣ."

ಹೆಂಡತಿ ಕೊಟ್ಟ ಕೆಲಸ ಬಟ್ಟೆ ಮಡಿಸುವುದು. ಅವರು ಅಂಗಿಯ ಕಾಲರನ್ನು ಒಳಕ್ಕೆ ಸೇರಿಸಿ, ತೋಳುಗಳನ್ನು ಬೆನ್ನಿಗೆ ತಂದು, ಅಂಗಡಿಯಲ್ಲಿಟ್ಟ ಹಾಗೆ ಮಡಿಸುತ್ತಿದ್ದರು.

ಮೊದಲ ಹದಿನೆಂಟು ದಿನ ಆರು, ಏಳು, ಒಂದು ಸಲ ಒಂಬತ್ತು. ಹತ್ತೊಂಬತ್ತನೇ ದಿನ ಮೂರಕ್ಕೆ ಇಳಿಯಿತು. ಅವಳು ಹಾಗೇ ಹೇಳಿದಳು. ಅವರು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಕೂತರು.

"ಜನ ಮರೆಯೋದನ್ನ ಮೂವತ್ತೊಂದು ವರ್ಷ ನೋಡ್ದೆ. ಈಗ ಲ್ಯಾಬಿನವರು ನನ್ನ ನೋಡ್ತಾರೆ," ಎಂದರು.

ಸಂಜೆ ಅವಳು ಹಾಳೆ ತೆಗೆದು ಮೂರನ್ನು ಏಳು ಮಾಡಿದಳು. ಮಾರನೇ ದಿನ ಮೊದಲ ಸಲ ಬೆರಳಿಂದ ತಟ್ಟಿದಳು. ಅವರ ಮುಖ ಅರಳಿತು. ಇಲಿಯ ಕಳ್ಳತನ ಹಿಡಿಯುತ್ತಿದ್ದ ಮನುಷ್ಯನಿಗೆ ಹೆಂಡತಿಯ ಕಳ್ಳತನ ಗೊತ್ತಾಗಲಿಲ್ಲವೋ, ಗೊತ್ತಾಗದವರ ಹಾಗೆ ಇದ್ದರೋ, ಅವಳಿಗೆ ತಿಳಿಯದು. ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ದೀಪ, ಹಗ್ಗ, ಕೊಡೆ, ಬೀಗದ ದಿನ ನಲವತ್ತೆರಡನೆಯದು. ಅದಕ್ಕೆ ಹಿಂದಿನ ಎರಡು ದಿನವೂ ಅವರು ಹೇಳಿದ್ದು ನಾಲ್ಕು ನಾಲ್ಕೇ. ಫೋನ್ ಮಾಡಬೇಕಾದ ದಿನ ಅದು. ಹಾಳೆಯಲ್ಲಿ ಎಂಟಿತ್ತು. ಅವಳು ಫೋನ್ ಮುಟ್ಟಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಹಿತ್ತಲಲ್ಲಿ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದಾಗ ಅವರು ಕೆಲಸದ ದಿನಗಳ ಖಾಕಿ ಅಂಗಿ ಹಾಕಿಕೊಂಡು ಹೊರಟರು. ಲ್ಯಾಬಿನ ಗೇಟಿನ ಎದುರು ರಸ್ತೆ ಅಗಲವಾಗಿ ನಾಲ್ಕು ವರ್ಷವಾಗಿತ್ತು. ಅವರು ಹಳೆಯ ರಸ್ತೆ ದಾಟಿದ ಹಾಗೆ ದಾಟಿದರು. ವ್ಯಾನು ಬಡಿದು ತೀರಿಕೊಂಡರು. ವ್ಯಾನಿನವನದು ತಪ್ಪಿಲ್ಲ ಎಂದರು ಎಲ್ಲರೂ.

ಗೇಟಿನ ಎದುರಿನ ಚಹಾದಂಗಡಿಯವನು ಅವಳಿಗೆ ಹೇಳಿದ: "ನಾನು ಕೂಗಿದೆ ಅಕ್ಕ. ಚಹಾ ಕುಡಿದು ಹೋಗಿ ಅಂದೆ. ಇಲಿಗಳಿಗೆ ನೀರಿಟ್ಟಿಲ್ಲಪ್ಪ, ಹೊತ್ತಾಯ್ತು ಅಂದ್ರು."

ಆ ಲ್ಯಾಬಿನಲ್ಲಿ ಇಲಿಗಳನ್ನು ಸಾಕುವುದು ಯಾವತ್ತೋ ನಿಂತಿತ್ತು.

ಮೂರು ವಾರದ ಮೇಲೆ ಗಡಿಯಾರದ ಹುಡುಗಿ ಮನೆಗೆ ಬಂದಳು. ಅವಳ ಕಣ್ಣು ಊದಿತ್ತು. ಕಡತ ಕೇಳಿದಳು, ಹಾಳೆ ತಿರುವಿದಳು.

"ಕೊನೇ ದಿನವೂ ಎಂಟು ಅಮ್ಮ. ನಮ್ಮ ಗುಂಪಲ್ಲಿ ಅಂಕಲ್‌ದೇ ಎಲ್ಲಕ್ಕಿಂತ ಚೆನ್ನಾಗಿದೆ. ಇದನ್ನ ವರದೀಲಿ ಬರೀತೀನಿ."

ಹೆಂಡತಿ ಹೂಂ ಎಂದಳು. ನೀರು ಕೊಟ್ಟು, ಕಡತವನ್ನೂ ಕೊಟ್ಟು ಕಳಿಸಿದಳು. ಬಂಧುಗಳು ಫೋನ್ ಮಾಡಿ, ಹಣೆಬರಹ, ಯಾರೇನು ಮಾಡೋಕಾಗುತ್ತೆ ಎಂದರು. ಅದಕ್ಕೂ ಹೂಂ ಎಂದಳು. ಎಂಟು ದಿನ ಹಾಗೇ ಕಳೆದವು. ಒಂಬತ್ತನೇ ದಿನ ಚಪ್ಪಲಿ ಮೆಟ್ಟಿ ಲ್ಯಾಬಿಗೆ ನಡೆದಳು. ಆ ರಸ್ತೆಯನ್ನು ಅವಳೂ ದಾಟಬೇಕಾಯಿತು.

ಇಲಿಗಳ ಮರದ ಪೆಟ್ಟಿಗೆ ಮೆಟ್ಟಿಲ ಕೆಳಗೆ ಬಿದ್ದಿತ್ತು. ಅದರ ದಾರಿಗಳಲ್ಲಿ ಧೂಳು.

"ಆ ಎಂಟು ಸುಳ್ಳು," ಎಂದಳು ಅವಳು, ಕೂರುವ ಮೊದಲೇ. "ಗುರುತು ಹಾಕಿದ್ದು ನಾನು."

ಹುಡುಗಿ ಕಡತ ತೆಗೆದಳು. ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

"ಯಾವುದು ಅವರು ಹೇಳಿದ್ದು, ಯಾವುದು ನೀವು ಸೇರಿಸಿದ್ದು, ತೋರಿಸ್ತೀರಾ?"

ಅವಳು ಬಗ್ಗಿ ನೋಡಿದಳು. ಎಲ್ಲ ಒಂದೇ ಪೆನ್ಸಿಲು, ಒಂದೇ ಕೈ. ಕೊನೆಯ ಹಾಳೆಯ ನಾಲ್ಕನ್ನು ತೋರಿಸಿದಳು. ಹಿಂದಿನ ಎರಡು ದಿನ ನಾಲ್ಕು ಎಂಬುದು ಗೊತ್ತಿತ್ತು, ಯಾವ ನಾಲ್ಕು ಎಂಬುದು ಇಲ್ಲ. ಅದಕ್ಕೂ ಹಿಂದಿನದು ಏನೂ ನೆನಪಿರಲಿಲ್ಲ. ಗಂಡ ಕಷ್ಟಪಟ್ಟು ಹುಡುಕಿ ಹೇಳಿದ ಪದ ಯಾವುದು ಎಂದು ಕೂಡ ಹೆಂಡತಿಗೆ ನೆನಪಿರಲಿಲ್ಲ.

"ಮೂರು ದಿನ ಕಮ್ಮಿಯಾದ್ರೆ ಫೋನ್ ಮಾಡಿ ಅಂದಿದ್ನಲ್ಲಮ್ಮ."

"ನೀನು ಅಂದಿದ್ದೆ ತಾಯಿ."

ಹುಡುಗಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಹಾಳೆಗಳನ್ನು ಜೋಡಿಸಿ, ಮೇಲೆ ಒಂದು ಗೆರೆ ಎಳೆದು, ಲೆಕ್ಕಕ್ಕಿಲ್ಲ ಎಂದು ಬರೆದಳು.

"ಮೊದಲ ಹದಿನೆಂಟು ದಿನದ್ದು ನಿಜವಾದದ್ದು," ಎಂದಳು ಹೆಂಡತಿ.

"ನೀವು ಹೇಳ್ತೀರಿ, ನಾನು ನಂಬ್ತೀನಿ. ಆದ್ರೆ ಸೇರಿಸೋ ಹಾಗಿಲ್ಲ ಅಮ್ಮ. ಅಂಕಲ್ ಇದ್ದಿದ್ರೆ ಅವರೇ ತೆಗೆದುಹಾಕು ಅಂತಿದ್ರು."

ಹೌದು, ಅನ್ನುತ್ತಿದ್ದರು. ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದರು. ಅವಳಿಗೆ ಹಾಗೆ ನಿದ್ದೆ ಬರಲಿಲ್ಲ. ಹೇಳಿದರೆ ಭಾರ ಇಳಿಯುತ್ತದೆ ಅಂದುಕೊಂಡಿದ್ದಳು. ಮಾನ ಉಳಿಸುತ್ತೇನೆಂದು ಹೊರಟು ಅವರ ನಿಜವಾದ ಒಂಬತ್ತನ್ನೂ ಕಸಕ್ಕೆ ಹಾಕಿದ್ದಳು.

ಈಗಲೂ ಬೆಳಿಗ್ಗೆ ಎದ್ದು ತಂತಿಯ ಮೇಲಿನ ಬಟ್ಟೆ ತಂದು ಮಂಚದ ಮೇಲೆ ಹಾಕಿಕೊಳ್ಳುತ್ತಾಳೆ. ಒಬ್ಬಳ ಬಟ್ಟೆ ಎಷ್ಟಿರುತ್ತದೆ. ಐದು ನಿಮಿಷಕ್ಕೆ ಮುಗಿಯುತ್ತದೆ. ಕಪಾಟಿನಿಂದ ಅವರ ಅಂಗಿಗಳನ್ನೂ ತೆಗೆದು, ಬಿಡಿಸಿ, ಕಾಲರನ್ನು ಒಳಕ್ಕೆ ಸೇರಿಸಿ, ತೋಳುಗಳನ್ನು ಬೆನ್ನಿಗೆ ತಂದು ಮತ್ತೆ ಮಡಿಸುತ್ತಾಳೆ, ಗೋಡೆಯ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಆಗುವವರೆಗೆ.